ಮನೆಯಲ್ಲೇ ಇನ್ಸುಲಿನ್: ಎಲ್ಲಿ ಚುಚ್ಚಬೇಕು, ಹೇಗೆ ಚುಚ್ಚಬೇಕು

ಆಸ್ಪತ್ರೆಯಿಂದ ಬಿಡುವಾಗ ನರ್ಸ್ ಮಲಯಾಳದಲ್ಲಿ ಚಕಚಕ ಹೇಳಿ ಮುಗಿಸುತ್ತಾರೆ, ನಾವು ತಲೆಯಾಡಿಸಿ ಬರುತ್ತೇವೆ. ಮನೆಯಲ್ಲಿ ಅಜ್ಜಿಯ ಮುಂದೆ ಸಿರಿಂಜು ಹಿಡಿದು ನಿಂತಾಗ ಅರ್ಧ ಮರೆತಿರುತ್ತದೆ. ಕೇರಳದ ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಇದು ಮಾಮೂಲಿ. ಅದಕ್ಕೇ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಡೋಸ್ ಎಷ್ಟು ಅನ್ನುವುದು ಮಾತ್ರ ಡಾಕ್ಟರ ಲೆಕ್ಕ, ಅದಕ್ಕೆ ಕೈ ಹಾಕಬೇಡಿ.

ಮೊದಲು ಬಾಟ್ಲಿ ನೋಡಿ. ನಮ್ಮಲ್ಲಿ ಸಿಗುವ ಬಾಟ್ಲಿಗಳಲ್ಲಿ ಹೆಚ್ಚಿನವು ಒಂದು ಎಂಎಲ್‌ಗೆ 40 ಯೂನಿಟ್‌ನವು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಮ್ಮಿಯಾಗುತ್ತದೆ, ಇದು ತಮಾಷೆಯಲ್ಲ. ಮೆಡಿಕಲ್‌ನವರು ಕೊಟ್ಟರು ಅಂತ ಸುಮ್ನೆ ತರಬೇಡಿ, ಅಂಗಡಿಯಲ್ಲೇ ನಿಂತು ಎರಡೂ ಹೊಂದುತ್ತದಾ ನೋಡಿ.

ಹಾಲಿನ ಹಾಗೆ ಬಿಳಿಯಿರುವ ಇನ್ಸುಲಿನ್ ಆದರೆ ಬಾಟ್ಲಿಯನ್ನು ಎರಡು ಅಂಗೈ ನಡುವೆ ಹತ್ತು ಸಲ ಮೆಲ್ಲಗೆ ಹೊರಳಿಸಿ. ಜೋರಾಗಿ ಕುಲುಕಬೇಡಿ, ಗುಳ್ಳೆ ಬರುತ್ತದೆ. ಎಷ್ಟು ಯೂನಿಟ್ ಬೇಕೋ ಅಷ್ಟೇ ಗಾಳಿಯನ್ನು ಬಾಟ್ಲಿಯೊಳಗೆ ಬಿಟ್ಟು, ಬಾಟ್ಲಿ ತಲೆಕೆಳಗೆ ಮಾಡಿ ಎಳೆಯಿರಿ. ಗುಳ್ಳೆ ಕಂಡರೆ ಬೆರಳಲ್ಲಿ ತಟ್ಟಿ ಮೇಲೆ ತಂದು ಹೊರಗೆ ದೂಡಿ, ಡೋಸ್ ಮತ್ತೊಮ್ಮೆ ನೋಡಿ.

ಇನ್ನು ಜಾಗ. ಹೊಟ್ಟೆ ಒಳ್ಳೆಯದು, ಹೊಕ್ಕುಳಿನ ಸುತ್ತ ಎರಡು ಬೆರಳಗಲ ಬಿಟ್ಟು. ತೊಡೆಯಾದರೆ ಮುಂಭಾಗ ಮತ್ತು ಹೊರಬದಿ, ಒಳಬದಿ ಬೇಡ. ತೋಳಿನ ಹಿಂಬದಿಯೂ ಆಗುತ್ತದೆ, ಆದರೆ ಸ್ವಂತ ಚುಚ್ಚಿಕೊಳ್ಳುವವರಿಗೆ ಕಷ್ಟ. ಸಾಮಾನ್ಯ ಇನ್ಸುಲಿನ್ ಹೊಟ್ಟೆಯಿಂದ ಬೇಗ ಹಿಡಿಯುತ್ತದೆ, ತೊಡೆಯಿಂದ ನಿಧಾನ. ಹಾಗಾಗಿ ಬೆಳಗ್ಗೆ ಹೊಟ್ಟೆ ಅಂದರೆ ದಿನಾ ಬೆಳಗ್ಗೆ ಹೊಟ್ಟೆಯೇ ಇರಲಿ, ಇವತ್ತು ಹೊಟ್ಟೆ ನಾಳೆ ತೊಡೆ ಅಂತ ಮಾಡಬೇಡಿ.

ಚರ್ಮ ಶುಚಿಯಾಗಿದ್ದರೆ ಸಾಕು. ಸ್ಪಿರಿಟ್ ಹಚ್ಚಿದರೆ ಪೂರ್ತಿ ಒಣಗುವವರೆಗೆ ಕಾಯಿರಿ, ಒದ್ದೆಯಲ್ಲಿ ಚುಚ್ಚಿದರೇ ಉರಿಯುವುದು. ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಚರ್ಮವನ್ನು ಮೆಲ್ಲಗೆ ಹಿಡಿದೆತ್ತಿ ನೇರ ಚುಚ್ಚಿ. ತೀರಾ ಸಪೂರ ಇದ್ದವರಿಗೆ ಸ್ವಲ್ಪ ಓರೆಯಾಗಿ. ನಿಧಾನ ಒತ್ತಿ, ಹತ್ತು ಎಣಿಸಿ, ಸೂಜಿ ತೆಗೆಯಿರಿ. ಆಮೇಲೆ ತಿಕ್ಕಬೇಡಿ. ಸಿರಿಂಜಿನ ಬದಲು ಇನ್ಸುಲಿನ್ ಪೆನ್ ಆದರೆ ಪ್ರತಿಸಲ ಹೊಸ ಸೂಜಿ ಹಾಕಿ, ಎರಡು ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುತ್ತದಾ ನೋಡಿ, ಮತ್ತೆ ಡೋಸ್ ತಿರುಗಿಸಿ. ನಾಲ್ಕು ಮಿಲಿಮೀಟರ್ ಸೂಜಿಗೆ ಹೆಚ್ಚಿನವರಿಗೆ ಚರ್ಮ ಹಿಡಿಯಬೇಕೆಂದಿಲ್ಲ.

ಎಲ್ಲರೂ ಎಡವುವುದು ಇಲ್ಲಿ: ನೋವಾಗದ ಒಂದು ಜಾಗ ಸಿಕ್ಕಿದರೆ ದಿನಾ ಅಲ್ಲೇ ಚುಚ್ಚುತ್ತಾರೆ. ಕ್ರಮೇಣ ಅಲ್ಲಿ ಕೊಬ್ಬು ಕಟ್ಟಿ ಗಂಟಾಗುತ್ತದೆ. ಕೈಯಾಡಿಸಿದರೆ ಮೆತ್ತಗೆ ರಬ್ಬರಿನ ಹಾಗೆ ಸಿಗುತ್ತದೆ, ಕಣ್ಣಿಗೆ ಕೆಲವೊಮ್ಮೆ ಕಾಣುವುದೇ ಇಲ್ಲ. ಅಲ್ಲಿ ಹಾಕಿದ ಇನ್ಸುಲಿನ್ ಒಂದು ದಿನ ಹಿಡಿಯುತ್ತದೆ, ಇನ್ನೊಂದು ದಿನ ಇಲ್ಲ. ಶುಗರ್ ಏರುತ್ತದೆ, ಬೈಗುಳ ಮಾತ್ರ ಅಜ್ಜಿ ತಿಂದ ಹಲ್ವಕ್ಕೆ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಳ್ಳಿ, ವಾರಕ್ಕೊಂದು ಭಾಗ, ಅದರೊಳಗೂ ನಿನ್ನೆಯ ಜಾಗದಿಂದ ಒಂದು ಬೆರಳು ದೂರ. ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಈಗಾಗಲೇ ಗಂಟು ಇದ್ದು ಹೊಸ ಜಾಗಕ್ಕೆ ಹೋಗುವುದಾದರೆ ಮೊದಲು ಡಾಕ್ಟರಿಗೆ ಹೇಳಿ, ಅದೇ ಡೋಸ್‌ಗೆ ಶುಗರ್ ದಡಕ್ಕನೆ ಇಳಿಯಬಹುದು. ಬೆವರು, ನಡುಕ ಬಂದು ಶುಗರ್ ನೋಡುವ ಮೀಟರಿನಲ್ಲಿ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ.

ತೆರೆಯದ ಬಾಟ್ಲಿ ಫ್ರಿಜ್ಜಿನ ಬಾಗಿಲಲ್ಲಿರಲಿ, ಫ್ರೀಜರಿನಲ್ಲಿ ಬೇಡ. ಮಳೆಗಾಲದಲ್ಲಿ ಕರೆಂಟು ಹೋದರೆ ಪದೇಪದೇ ಬಾಗಿಲು ತೆಗೆಯಬೇಡಿ.

ಮಾಂಸಖಂಡಕ್ಕೆ ಕೊಡುವ ಇಂಜೆಕ್ಷನ್ ಬೇರೆಯೇ ವಿಷಯ. ಪೃಷ್ಠದಲ್ಲಿ ಜಾಗ ತಪ್ಪಿದರೆ ಕಾಲಿಗೆ ಹೋಗುವ ದೊಡ್ಡ ನರಕ್ಕೇ ತಾಗುತ್ತದೆ. ಯೂಟ್ಯೂಬ್ ನೋಡಿ ಕಲಿಯುವಂಥದ್ದಲ್ಲ ಅದು, ನರ್ಸಿಗೇ ಬಿಡಿ. ಹಾಸಿಗೆ ಹಿಡಿದವರಿದ್ದರೆ ಮನೆಗೇ ಬಂದು ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸನ್ನು ಕೇಳಿ.

ಬಳಸಿದ ಸೂಜಿಯನ್ನು ತೋಟಕ್ಕೆ ಎಸೆಯಬೇಡಿ, ಅಡಿಕೆ ಹೆಕ್ಕುವವರ ಕೈಗೆ ಚುಚ್ಚುತ್ತದೆ. ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯವರ ಚೀಲಕ್ಕೂ ಬಿಡಿಯಾಗಿ ಹಾಕಬೇಡಿ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ, ಮುಕ್ಕಾಲು ತುಂಬಿದಾಗ ಎಲ್ಲಿ ಕೊಡಬೇಕೆಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ.