ಇಪ್ಪತ್ನಾಲ್ಕು ಮಂದಿಯ ಕೇರಂ ಲೀಗಿಗೆ ನಾವು ಬರೆದುಕೊಂಡ ನಿಯಮಗಳು

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಸೇರಿ ಕೇರಂ ಆಡುತ್ತಿದ್ದ ನಾವು ಕೆಲವು ಕನ್ನಡಿಗರು, ಆಟಕ್ಕೊಂದು ಕ್ರಮವಿರಲೆಂದು ಲೀಗ್ ಆರಂಭಿಸಿ ಈಗ ನಾಲ್ಕು ಆವೃತ್ತಿಗಳು ಮುಗಿದಿವೆ. ಬ್ಯಾಂಕಿನಿಂದ ನಿವೃತ್ತರಾದವರು, ಠಾಣೆ ಮತ್ತು ಮುಲುಂಡಿನ ಉಡುಪಿ ಹೋಟೆಲುಗಳಲ್ಲಿ ದುಡಿಯುವವರು, ಕಾಲೇಜಿನ ಹುಡುಗರು, ಐದು ಮಂದಿ ಮಹಿಳೆಯರು, ಹೀಗೆ ಒಟ್ಟು ಇಪ್ಪತ್ನಾಲ್ಕು ಆಟಗಾರರು. ಲೆಕ್ಕಪತ್ರದ ಕೆಲಸ ಮಾಡಿ ಅಭ್ಯಾಸವಿದೆಯೆಂಬ ಒಂದೇ ಕಾರಣಕ್ಕೆ ನಿಯಮ ಬರೆಯುವ ಹೊಣೆ ನನ್ನ ಪಾಲಿಗೆ ಬಂತು.

ಮೊದಲ ತಕರಾರು ರಾಣಿಯ ಬೆಲೆಯದು. ನಮ್ಮವರು ‘ರೆಡ್’ ಎನ್ನುವ ಈ ಕೆಂಪು ಕಾಯಿಗೆ ಕೆಲವರು ಊರಿನ ರೂಢಿಯಂತೆ ಐದು ಅಂಕ ಕೇಳಿದರು. 1988ರಲ್ಲಿ ಚೆನ್ನೈಯಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕೇರಂ ಒಕ್ಕೂಟದ ನಿಯಮದಲ್ಲಿ ರಾಣಿಗೆ ಮೂರೇ ಅಂಕ. ಅದೂ ಬೋರ್ಡ್ (ಒಬ್ಬರ ಕಾಯಿಗಳೆಲ್ಲ ಮುಗಿಯುವವರೆಗಿನ ಒಂದು ಸುತ್ತಿನ ಆಟ) ಗೆದ್ದವನೇ ಅದನ್ನು ಹಾಕಿ, ಬೆನ್ನಿಗೇ ತನ್ನದೊಂದು ಕಾಯಿ ಹಾಕಿ ಕವರ್ ಮಾಡಿದ್ದರೆ ಮತ್ತು ಅವನ ಗೇಮಿನ ಅಂಕ 22ನ್ನು ಮುಟ್ಟಿರದಿದ್ದರೆ ಮಾತ್ರ. ಉಳಿದಂತೆ ಎದುರಾಳಿಯ ಎಷ್ಟು ಕಾಯಿ ಹಲಗೆಯ ಮೇಲೆ ಉಳಿದಿವೆಯೋ ಅಷ್ಟು ಅಂಕ. ಹಾಗಾಗಿ ಒಂದು ಬೋರ್ಡಿನಲ್ಲಿ ಹೆಚ್ಚೆಂದರೆ ಒಂಬತ್ತು ಕಾಯಿ ಮತ್ತು ರಾಣಿ ಸೇರಿ ಹನ್ನೆರಡು ಅಂಕ ಸಿಗುತ್ತವೆ. ನಾವು ಇದನ್ನೇ ಒಪ್ಪಿಕೊಂಡೆವು. ಗೇಮ್ ಎಂದರೆ 25 ಅಂಕ ಅಥವಾ ಎಂಟು ಬೋರ್ಡ್, ಯಾವುದು ಮೊದಲೋ ಅದು; ಎಂಟರ ನಂತರವೂ ಸಮವಿದ್ದರೆ ಇನ್ನೊಂದು ಬೋರ್ಡ್. 24ರಲ್ಲಿದ್ದವನು ಒಂಬತ್ತರ ಬೋರ್ಡ್ ಗೆದ್ದರೂ ಹಾಳೆಯಲ್ಲಿ 25 ಎಂದೇ ಬರೆಯಬೇಕೆಂದು ಗೊತ್ತುಮಾಡಿದೆವು. ಇದು ಸಣ್ಣ ವಿಷಯವೆಂದು ಅನ್ನಿಸಬಹುದು, ಆದರೆ ಅಂಕಗಳ ವ್ಯತ್ಯಾಸವನ್ನು ಮುಂದೆ ಲೆಕ್ಕಕ್ಕೆ ಹಿಡಿಯುವವರು ಇದನ್ನು ಮೊದಲೇ ಬರೆದಿಡದಿದ್ದರೆ ಪೇಚಿಗೆ ಸಿಲುಕುತ್ತಾರೆ.

ಒಕ್ಕೂಟದ ಪದ್ಧತಿಯಿಂದ ನಾವು ದೂರ ಸರಿದದ್ದು ಒಂದೇ ಕಡೆ. ಮೂರು ಗೇಮುಗಳಲ್ಲಿ ಎರಡನ್ನು ಗೆಲ್ಲಬೇಕೆಂದರೆ ಪಂದ್ಯ ಯಾವಾಗ ಮುಗಿಯುತ್ತದೆಂದು ಹೇಳುವುದು ಕಷ್ಟ, ಮಳೆಗಾಲದಲ್ಲಿ ಬೋರಿಕ್ ಪುಡಿ ಗಂಟುಕಟ್ಟಿ ಹಲಗೆ ಓಡದೆ ಹೋದಾಗಲಂತೂ ಕೇಳುವುದೇ ಬೇಡ. ಆದ್ದರಿಂದ ಸೋಲು ಗೆಲುವು ಏನೇ ಇರಲಿ, ಪಂದ್ಯಕ್ಕೆ ಎರಡೇ ಗೇಮ್ ಎಂದು ನಿಗದಿಪಡಿಸಿ, ಗೆದ್ದ ಪ್ರತಿ ಗೇಮಿಗೆ ಎರಡು ಅಂಕ ಕೊಟ್ಟು, ಆಡಲು ಬಂದ ಇಬ್ಬರಿಗೂ ಒಂದೊಂದು ಹಾಜರಿ ಅಂಕ ಸೇರಿಸಿದೆವು. ಎರಡನ್ನೂ ಗೆದ್ದವನಿಗೆ ಐದು, ಸೋತವನಿಗೆ ಒಂದು. ತಲಾ ಒಂದು ಗೆದ್ದರೆ ಮೂರು ಮೂರು. ಸೋತವನಿಗೂ ಅಂಕವೇ ಎಂದು ಹಿರಿಯರೊಬ್ಬರು ಮೂಗು ಮುರಿದರು. ಆದರೆ ಸತತವಾಗಿ ಸೋತವನು ಆರನೆಯ ಭಾನುವಾರ ಬಾರದೆ ಉಳಿದರೆ ನಷ್ಟವಾಗುವುದು ಅವನೊಬ್ಬನಿಗಲ್ಲ, ಅವನೊಂದಿಗೆ ಇನ್ನೂ ಆಡಬೇಕಿದ್ದವರಿಗೆಲ್ಲ.

ವಿಭಾಗಗಳ ಅಗತ್ಯವನ್ನು ಗಣಿತವೇ ಹೇಳುತ್ತಿತ್ತು. ಇಪ್ಪತ್ನಾಲ್ಕು ಮಂದಿ ಎಲ್ಲರೂ ಎಲ್ಲರೊಂದಿಗೆ ಆಡಿದರೆ 276 ಪಂದ್ಯಗಳಾಗುತ್ತವೆ. ನಮ್ಮ ನಾಲ್ಕು ಹಲಗೆಗಳ ಮೇಲೆ ಒಂದು ಮಧ್ಯಾಹ್ನಕ್ಕೆ ಹನ್ನೆರಡು ಪಂದ್ಯಗಳಷ್ಟೇ ಸಾಧ್ಯವಾದ್ದರಿಂದ ಅದಕ್ಕೆ 23 ಭಾನುವಾರಗಳು ಬೇಕು. ಎಂಟೆಂಟು ಮಂದಿಯ ಮೂರು ವಿಭಾಗ ಮಾಡಿದರೆ ಒಟ್ಟು 84 ಪಂದ್ಯಗಳು, ಏಳೇ ಭಾನುವಾರ. ಎಂಟು ಹೆಸರನ್ನು ವೃತ್ತಾಕಾರವಾಗಿ ಬರೆದು, ಒಂದನ್ನು ಕದಲಿಸದೆ ಉಳಿದ ಏಳನ್ನು ಪ್ರತಿವಾರ ಒಂದೊಂದು ಸ್ಥಾನ ತಿರುಗಿಸುತ್ತ ಹೋದರೆ ಏಳು ಸುತ್ತುಗಳ ಜೋಡಿಗಳು ತಾವಾಗಿಯೇ ಸಿದ್ಧವಾಗುತ್ತವೆ.

ಯಾರು ಯಾವ ವಿಭಾಗಕ್ಕೆ ಎಂಬಲ್ಲಿ ನಾನು ಮೊದಲ ಬಾರಿ ತಪ್ಪಿದೆ. ಅವರವರ ಮಟ್ಟವನ್ನು ಅವರವರೇ ಹೇಳಲಿ ಎಂದೆ. ಸಂಕೋಚದ ಸ್ವಭಾವದ ಒಬ್ಬ ಗೃಹಿಣಿ ‘ಸಿ’ ವಿಭಾಗಕ್ಕೆ ಹೆಸರು ಕೊಟ್ಟು ಹದಿನಾಲ್ಕಕ್ಕೆ ಹದಿನಾಲ್ಕು ಗೇಮುಗಳನ್ನೂ ಗೆದ್ದರು. ‘ಎ’ ವಿಭಾಗದಲ್ಲಿ ತಾವಾಗಿಯೇ ಕುಳಿತ ಇಬ್ಬರು, ತಮ್ಮಿಬ್ಬರ ನಡುವಿನ ಪಂದ್ಯ ಬಿಟ್ಟರೆ, ಕೊನೆಯವರೆಗೂ ಒಂದು ಗೇಮಿನ ಗೆಲುವನ್ನೂ ಕಾಣಲಿಲ್ಲ. ಎರಡನೆಯ ಆವೃತ್ತಿಗೆ ಮುನ್ನ ಚದುರಂಗದ ಸ್ವಿಸ್ ಪದ್ಧತಿಯಲ್ಲಿ ಒಂದು ಸಂಜೆ ಮೂರು ಸುತ್ತು ಆಡಿಸಿದೆವು. ಗೆದ್ದವರು ಗೆದ್ದವರೊಂದಿಗೆ, ಸೋತವರು ಸೋತವರೊಂದಿಗೆ ಆಡುತ್ತ ಹೋದರೆ ಇಪ್ಪತ್ನಾಲ್ಕರಲ್ಲಿ ಮೂವರು ಮೂರನ್ನೂ ಗೆದ್ದಿರುತ್ತಾರೆ, ಒಂಬತ್ತು ಮಂದಿ ಎರಡನ್ನು, ಒಂಬತ್ತು ಮಂದಿ ಒಂದನ್ನು, ಮೂವರು ಯಾವುದನ್ನೂ ಇಲ್ಲ. ‘ಎ’ಗೆ ಎಂಟು ಮಂದಿ ಬೇಕಾದ್ದರಿಂದ ಎರಡು ಗೆದ್ದ ಒಂಬತ್ತರಲ್ಲಿ ಐವರನ್ನು ಆರಿಸಬೇಕಿತ್ತು, ಅವರವರ ಎದುರಾಳಿಗಳು ಗಳಿಸಿದ ಒಟ್ಟು ಗೆಲುವುಗಳನ್ನು ಕೂಡಿಸಿ, ಬಲವಾದವರೊಂದಿಗೆ ಆಡಿದವರನ್ನು ಮೇಲಕ್ಕೆ ತೆಗೆದುಕೊಂಡೆವು. ಚದುರಂಗದವರು ಇದನ್ನು ಬುಖೋಲ್ಜ್ ಎನ್ನುತ್ತಾರೆ. ಮಹಿಳೆಯರಿಗೆ ಬೇರೆ ವಿಭಾಗವಿರಲಿ ಎಂಬ ಸಲಹೆ ಆ ಸಂಜೆಯ ನಂತರ ಮತ್ತೆ ಕೇಳಿಬರಲಿಲ್ಲ.

ಆದರೆ ನನಗೆ ನಿಜವಾಗಿ ನಿದ್ದೆಗೆಡಿಸಿದ್ದು ವಾಕ್‌ಓವರ್. ಮೊದಲ ಆವೃತ್ತಿಯಲ್ಲಿ, ಬಾರದವನ ವಿರುದ್ಧ 25–0, 25–0 ಎಂದು ಬರೆದುಬಿಡುತ್ತಿದ್ದೆವು. ‘ಬಿ’ ವಿಭಾಗದಲ್ಲಿ ಎರಡನೆಯ ಸ್ಥಾನಕ್ಕೆ ಇಬ್ಬರು 25 ಲೀಗ್ ಅಂಕಗಳೊಂದಿಗೆ ಸಮನಾದರು. ಅವರ ನಡುವಿನ ಪಂದ್ಯವೂ ತಲಾ ಒಂದು ಗೇಮಿಗೆ ನಿಂತಿತ್ತು. ಒಬ್ಬರು ಹೋಟೆಲೊಂದರ ಕ್ಯಾಷಿಯರ್, ಹದಿನಾಲ್ಕು ಗೇಮುಗಳನ್ನೂ ಕುಳಿತು ಆಡಿ, ಗೇಮುಗಳಲ್ಲಿ ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳ ನಡುವೆ 61ರ ವ್ಯತ್ಯಾಸ ಗಳಿಸಿದವರು. ಇನ್ನೊಬ್ಬರಿಗೆ ಎರಡು ವಾಕ್‌ಓವರ್ ಸಿಕ್ಕಿದ್ದವು: ಒಬ್ಬ ಎದುರಾಳಿ ಮದುವೆಗೆ ಹೋಗಿದ್ದ, ಇನ್ನೊಬ್ಬ, ಹಳಿ ದುರಸ್ತಿಗೆಂದು ರೈಲುಗಳನ್ನು ತಡೆಯುವ ಭಾನುವಾರದ ಮೆಗಾ ಬ್ಲಾಕ್‌ನಲ್ಲಿ ಸಿಕ್ಕಿಕೊಂಡಿದ್ದ. ಹಲಗೆಯ ಮೇಲೆ ಆಡಿದ ಹತ್ತು ಗೇಮುಗಳಲ್ಲಿ ಅವರ ವ್ಯತ್ಯಾಸ ಮೈನಸ್ ಎಂಟು; ಬಾರದವರ ಕೃಪೆಯಿಂದ ಅದು 92 ಆಗಿ, ಅವರೇ ಎರಡನೆಯವರಾದರು. “ಬಾರದವರ ಎದುರು ಆಡುವ ಯೋಗ ನನಗಿಲ್ಲ ಮಾರಾಯ್ರೆ” ಎಂದು ಕ್ಯಾಷಿಯರ್ ನಕ್ಕರು, ಆ ನಗು ನನಗೆ ಚುಚ್ಚಿತು.

ಈಗ ವಾಕ್‌ಓವರ್ ಪಡೆದವನಿಗೆ ಐದು ಅಂಕ ಸಿಗುತ್ತವೆ, ಏಕೆಂದರೆ ಬಂದು ಕಾದವನ ತಪ್ಪೇನೂ ಇಲ್ಲ, ಬಾರದವನಿಗೆ ಸೊನ್ನೆ. ವ್ಯತ್ಯಾಸವನ್ನು ಮಾತ್ರ ನಿಜವಾಗಿ ಆಡಿದ ಗೇಮುಗಳಿಂದಲೇ ತೆಗೆದು, ಅವುಗಳ ಸಂಖ್ಯೆಯಿಂದ ಭಾಗಿಸುತ್ತೇವೆ. ಮಧ್ಯದಲ್ಲೇ ಲೀಗ್ ಬಿಟ್ಟುಹೋದವರ ವಿಷಯದಲ್ಲಿ ಚದುರಂಗದ ಅಂತರರಾಷ್ಟ್ರೀಯ ನಿಯಮವನ್ನು ಹಾಗೆಯೇ ತಂದುಕೊಂಡೆವು: ಅರ್ಧಕ್ಕಿಂತ ಕಡಿಮೆ ಪಂದ್ಯ ಆಡಿದ್ದರೆ ಅವನ ಫಲಿತಾಂಶಗಳೆಲ್ಲ ಅಂತಿಮ ಸ್ಥಾನಗಳ ಲೆಕ್ಕದಿಂದ ಹೊರಕ್ಕೆ, ಅರ್ಧವಾದರೂ ಆಡಿದ್ದರೆ ಉಳಿದವು ವಾಕ್‌ಓವರ್. ತಡವಾದರೆ ಹದಿನೈದು ನಿಮಿಷ ಕಾಯುತ್ತೇವೆ, ಮಧ್ಯ ರೈಲ್ವೆಯಲ್ಲಿ ಬ್ಲಾಕ್ ಇರುವ ದಿನ ನಲವತ್ತೈದು. ಹೋಟೆಲಿನವರಿಗೆ ಬಿಡುವು ಸಿಗುವುದು ಊಟದ ಗದ್ದಲ ಇಳಿದ ಮೇಲೆ. ಅವರ ಪಂದ್ಯಗಳನ್ನು ಮೂರು ಗಂಟೆಯ ಪಾಳಿಗೆ ಇಟ್ಟ ಮೇಲೆ ಗೈರುಹಾಜರಿಯೇ ಕಡಿಮೆಯಾಯಿತು.

ಸಮಬಲದ ಕ್ರಮವನ್ನೂ ತಿದ್ದಬೇಕಾಯಿತು. ಮೊದಲು ಪರಸ್ಪರ ಪಂದ್ಯ, ನಂತರ ವ್ಯತ್ಯಾಸ ಎಂದಷ್ಟೇ ಬರೆದರೆ ಮೂವರು ಸಮನಾದಾಗ ಸಾಲದು. ಒಬ್ಬನನ್ನು ಎರಡನೆಯವನೂ, ಅವನನ್ನು ಮೂರನೆಯವನೂ, ಅವನನ್ನು ಮೊದಲಿನವನೂ ಸೋಲಿಸಿರಬಹುದು. ಆಗ ಆ ಮೂವರ ನಡುವಿನ ಗೇಮುಗಳಷ್ಟರದೇ ಚಿಕ್ಕ ಪಟ್ಟಿ ಮಾಡಿ ವ್ಯತ್ಯಾಸ ನೋಡುತ್ತೇವೆ. ಅದರಿಂದ ಒಬ್ಬ ಬೇರ್ಪಟ್ಟರೆ ಉಳಿದಿಬ್ಬರಿಗೆ ಮತ್ತೆ ಪರಸ್ಪರ ಪಂದ್ಯವೇ ಆಧಾರ.

ಆವೃತ್ತಿಯ ಕೊನೆಗೆ ಮೊದಲ ಇಬ್ಬರು ಮೇಲಿನ ವಿಭಾಗಕ್ಕೆ ಏರುವ, ಕೊನೆಯ ಇಬ್ಬರು ಕೆಳಗಿನದಕ್ಕೆ ಇಳಿಯುವ ಕ್ರಮದಲ್ಲಿ ‘ಬಿ’ ವಿಭಾಗದ ಅರ್ಧ ಮಂದಿ ಪ್ರತಿ ಬಾರಿ ಬದಲಾಗುತ್ತಿದ್ದರು. ಈಗ ಒಬ್ಬರಷ್ಟೇ ನೇರವಾಗಿ ಏರಿಳಿಯುತ್ತಾರೆ. ಕೆಳಗಿನ ವಿಭಾಗದ ಎರಡನೆಯವರು ಮೇಲಿನ ವಿಭಾಗದ ಏಳನೆಯವರೊಂದಿಗೆ ಮೂರು ಗೇಮುಗಳ ಪೂರ್ಣ ಪಂದ್ಯ ಆಡಿ ಸ್ಥಾನ ಗೆಲ್ಲಬೇಕು. ನಾಲ್ಕೂ ಆವೃತ್ತಿಗಳಲ್ಲಿ ಅತಿ ಹೆಚ್ಚು ಜನ ಹಲಗೆಯ ಸುತ್ತ ನಿಂತು ನೋಡಿದ್ದು ಪ್ರಶಸ್ತಿಯ ಪಂದ್ಯಗಳನ್ನಲ್ಲ, ಇವನ್ನೇ.

ಹೊಸಬರ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಕಳೆದ ಬಾರಿ ಸೇರಿದ ಒಬ್ಬರನ್ನು ನಿಯಮದಂತೆ ‘ಸಿ’ಯಲ್ಲಿ ಕೂರಿಸಿದಾಗ, ಅವರು ಮೊದಲ ಬೋರ್ಡನ್ನು ಎರಡೇ ಸರದಿಯಲ್ಲಿ ಮುಗಿಸಿದರು. ಮುಂದಿನ ಆವೃತ್ತಿಯಿಂದ ಹೊಸಬರು ‘ಬಿ’ಯ ನಾಲ್ಕನೆಯವರೊಂದಿಗೆ ಎರಡು ಗೇಮ್ ಆಡಿ, ಒಂದನ್ನಾದರೂ ಗೆದ್ದರೆ ‘ಬಿ’ಯಲ್ಲೇ ಆರಂಭಿಸಲಿ ಎಂದು ಕರಡು ಬರೆದಿದ್ದೇನೆ. ವಿಭಾಗದಲ್ಲಿ ಆಗ ಒಂಬತ್ತು ಮಂದಿಯಾಗಿ, ಪ್ರತಿ ಸುತ್ತಿನಲ್ಲೂ ಒಬ್ಬರು ಖಾಲಿ ಕೂರಬೇಕಾಗುತ್ತದೆ. ಅವರಿಗೆ ಹಾಜರಿ ಅಂಕ ಕೊಡಬೇಕೇ ಎಂಬ ಚರ್ಚೆ ನಡೆದಿದೆ.