ಕುಂಬಳೆಯ ಒಳದಾರಿಯಲ್ಲಿ ನಮ್ಮ ಮನೆ

2016ರಲ್ಲಿ ನಾವು ಮಂಗಳೂರಿನಲ್ಲಿದ್ದ ಮನೆಗೆ 11,000 ರೂಪಾಯಿ ಬಾಡಿಗೆ. ಎರಡು ಕೋಣೆ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಆ ವರ್ಷ ಓನರ್ ಇನ್ನೂ 1,500 ಜಾಸ್ತಿ ಕೇಳಿದರು. ನನಗೆ ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಇವರಿಗೆ ಕಾಸರಗೋಡಿನಲ್ಲಿ. ನಡುವೆ ಎಲ್ಲಾದರೂ ಮನೆ ನೋಡೋಣ ಅಂತ ಹೊರಟು ಗಡಿ ದಾಟಿ ಕೇರಳದ ಕುಂಬಳೆಗೆ ಬಂದು ಮುಟ್ಟಿದೆವು. ಪೇಟೆಯಿಂದ ಬದಿಯಡ್ಕ ರಸ್ತೆಯಲ್ಲಿ ಸ್ವಲ್ಪ ಹೋಗಿ ಒಳದಾರಿ ಹಿಡಿದರೆ ಕೆಂಪುಕಲ್ಲಿನ ಮನೆ, ಮುಂದೆ ಅಂಗಳ, ಹಿಂದೆ ಬಾವಿ. ಬಾಡಿಗೆ 5,000. ಅತ್ತೆ ಅಂಗಳದಲ್ಲಿ ನಿಂತು "ಇಲ್ಲಿ ಹಪ್ಪಳ ಒಣಗಿಸ್ಲಿಕ್ಕೆ ಜಾಗ ಉಂಟು" ಅಂದರು. ಮನೆ ಅಲ್ಲಿಗೇ ಗೊತ್ತಾಯಿತು.

ಅವಸರ ಮಾಡಿದೆವು ಅಂತ ಆಮೇಲೆ ಅನ್ನಿಸಿತು. ಮನೆ ನೋಡಿದ್ದು ಭಾನುವಾರ, ಕಾರಿನಲ್ಲಿ. ಸೋಮವಾರ ಬೆಳಿಗ್ಗೆ ರೈಲಿಗೆ ಹೇಗೆ ಹೋಗುವುದು ಅಂತ ಯಾರೂ ಯೋಚಿಸಿರಲಿಲ್ಲ.

ಇಲ್ಲಿ ದಿನ ನಡೆಯುವುದು ರೈಲಿನ ಮೇಲೆ. ಕುಂಬಳೆಯಿಂದ ಮಂಗಳೂರು ಸೆಂಟ್ರಲ್‌ಗೆ ಪ್ಯಾಸೆಂಜರಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಉಪ್ಪಳ, ಮಂಜೇಶ್ವರ, ಉಳ್ಳಾಲ ದಾಟಿ ನೇತ್ರಾವತಿ ಸೇತುವೆ. ಅಲ್ಲಿ ಸಿಗ್ನಲ್ ಸಿಗದೆ ನಿಂತರೆ ಹತ್ತು ನಿಮಿಷ ಹೋಯಿತು ಅಂತಲೇ ಲೆಕ್ಕ. ಸೆಂಟ್ರಲ್‌ನಿಂದ ನನ್ನ ಅಂಗಡಿಗೆ ನಡೆದೇ ಹೋಗಬಹುದು. ತಿಂಗಳ ಪಾಸಿಗೆ ಬಸ್ಸಿನ ಒಂದು ವಾರದ ಖರ್ಚೂ ಆಗುವುದಿಲ್ಲ. ಆದರೆ ಬಹಳಷ್ಟು ಎಕ್ಸ್‌ಪ್ರೆಸ್‌ಗಳು ಕುಂಬಳೆಯಲ್ಲಿ ನಿಲ್ಲುವುದಿಲ್ಲ. ಬೆಳಗಿನ ಗಾಡಿ ತಪ್ಪಿದರೆ ಬಸ್ಸೇ ಗತಿ. ಹೆದ್ದಾರಿ ಆರು ಪಥ ಆಗುತ್ತಿದ್ದ ವರ್ಷಗಳಲ್ಲಿ ಆ ಬಸ್ಸಿನಲ್ಲಿ ಎಷ್ಟು ಹೊತ್ತು ಅಂತ ಹೇಳುವ ಹಾಗೇ ಇರಲಿಲ್ಲ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಪೂರ್ತಿ ಅಗೆದು ಹಾಕಿದ್ದರು. ಮಳೆಗಾಲದಲ್ಲಿ ಸರ್ವಿಸ್ ರಸ್ತೆ ತುಂಬ ಕೆಂಪು ನೀರು. ಎಷ್ಟೋ ದಿನ ಅಂಗಡಿಯಲ್ಲಿ ಅರ್ಧ ದಿನದ ಸಂಬಳ ಹೋಯಿತು.

ಮನೆಯಿಂದ ಸ್ಟೇಷನ್‌ಗೆ ಹೋಗುವುದೇ ಮೊದಲ ವರ್ಷದ ದೊಡ್ಡ ತಲೆನೋವು. ಒಳದಾರಿಗೆ ಬಸ್ ಇಲ್ಲ. ದಿನಾ ಆಟೋ ಹಿಡಿದರೆ ಬಾಡಿಗೆಯಲ್ಲಿ ಉಳಿದದ್ದು ಅಲ್ಲೇ ಮುಗಿಯುತ್ತದೆ. ಹಳೆ ಸ್ಕೂಟರ್ ತಂದು ಸ್ಟೇಷನ್‌ನಲ್ಲಿ ಇಡಲು ಶುರು ಮಾಡಿದೆ. ಅದರ ನಂಬರ್ ಕೆಎ 19. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರಿಗೆ ಬದಲಾಯಿಸಬೇಕು. ಹಳೆ ರಾಜ್ಯದಿಂದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಅನ್ನುವ ಪತ್ರ, ತರಬೇಕು, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು. ಈಗ ಅದು ಕೆಎಲ್ 14. ಮೂವತ್ತು ನಲವತ್ತು ಕಿಲೋಮೀಟರ್ ಅಷ್ಟೇ ದೂರ ಅಂತ ನಾವು ಅಂದುಕೊಳ್ಳುತ್ತೇವೆ. ಕಾಗದಪತ್ರದ ಲೆಕ್ಕದಲ್ಲಿ ಅದು ಬೇರೆಯೇ ರಾಜ್ಯ ಅಲ್ವಾ? ರೇಷನ್ ಕಾರ್ಡಿಗೂ ಹಾಗೆಯೇ ಓಡಾಡಿದೆವು.

2019ರಲ್ಲಿ ಇಲ್ಲೇ ಸ್ವಂತ ಮನೆ ಮಾಡುವ ಅಂತ ತೀರ್ಮಾನಿಸಿದೆವು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ನಮ್ಮ ಉಳಿತಾಯವೆಲ್ಲ ನೀರಲ್ಲಿ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು.

ಬ್ರೋಕರ್ ಒಬ್ಬರು 10 ಸೆಂಟ್ಸ್ ಜಾಗ ತೋರಿಸಿದರು. ಸುತ್ತಮುತ್ತಲಿನ ಬೆಲೆಯ ಅರ್ಧಕ್ಕೆ. ಸಮತಟ್ಟು ಜಾಗ, ದಾರಿ ಉಂಟು, ನಾಲ್ಕು ತೆಂಗಿನ ಮರವೂ ಉಂಟು. ಮುಂಗಡ ಕೊಡಲು ಚೀಲದಲ್ಲಿ ದುಡ್ಡು ಇಟ್ಟುಕೊಂಡೇ ಹೊರಟಿದ್ದೆವು. ನೆರೆಮನೆಯ ನಿವೃತ್ತ ಮಾಸ್ಟ್ರು ತಡೆದರು. "ವಿಲೇಜ್ ಆಫೀಸಿನ ದಾಖಲೆಯಲ್ಲಿ ಅದು ಏನು ಅಂತ ಬರೆದಿದೆ, ಮೊದಲು ನೋಡಿ" ಅಂದರು. ಹೋಗಿ ನೋಡಿದರೆ "ನಿಲಂ" ಅಂತ ಇತ್ತು. ಅಂದರೆ ಗದ್ದೆ. ಮನೆ ಕಟ್ಟುವ ಜಾಗವಾದರೆ "ಪುರಯಿಡಂ" ಅಂತ ಇರಬೇಕು. ಗದ್ದೆ ಮತ್ತು ಜೌಗು ಭೂಮಿಯ ರಕ್ಷಣೆಗೆ ಕೇರಳದಲ್ಲಿ 2008ರಲ್ಲೇ ಕಾನೂನು ಬಂದಿದೆ. ಗದ್ದೆಗಳ ಪಟ್ಟಿ ಬೇರೆಯೇ ಉಂಟು, ಡೇಟಾ ಬ್ಯಾಂಕ್ ಅಂತ ಕರೆಯುತ್ತಾರೆ. ಕೃಷಿಭವನದಲ್ಲಿ ಕೇಳಿದರೆ ಗೊತ್ತಾಗುತ್ತದೆ. ಈ ಜಾಗ ಅದರಲ್ಲೂ ಇತ್ತು. ಮಣ್ಣು ತುಂಬಿ ತೆಂಗು ನೆಟ್ಟು ಎಷ್ಟು ವರ್ಷವಾಗಿದ್ದರೂ ಕಾಗದದಲ್ಲಿ ಅದು ಗದ್ದೆಯೇ. ಅಲ್ಲಿ ಮನೆ ಕಟ್ಟಲು ಸುಲಭದಲ್ಲಿ ಅನುಮತಿ ಸಿಗುವುದಿಲ್ಲ. ಆ ದಿನ ಮಾಸ್ಟ್ರು ಬಾಯಿ ಬಿಡದಿದ್ದರೆ ನಮ್ಮ ಗತಿ ಏನು ಅಂತ ಈಗಲೂ ನೆನೆಸಿಕೊಳ್ಳುತ್ತೇನೆ.

ಕೊನೆಗೆ ನಾವಿದ್ದ ಬಾಡಿಗೆ ಮನೆಯನ್ನೇ ಕೊಂಡೆವು, 8 ಸೆಂಟ್ಸ್ ಜಾಗ ಸೇರಿ 24 ಲಕ್ಷಕ್ಕೆ. ಮುದ್ರಾಂಕ ಶೇಕಡಾ 8, ನೋಂದಣಿ ಶುಲ್ಕ ಶೇಕಡಾ 2. ಅಂದರೆ ಬೆಲೆಯ ಹತ್ತನೇ ಒಂದು ಪಾಲು, 2,40,000 ರೂಪಾಯಿ. ನಾವು ಇದನ್ನು ಮೊದಲೇ ಲೆಕ್ಕ ಹಾಕಿರಲಿಲ್ಲ. ಲೆಕ್ಕ ಬರೆದೇ ಹೊಟ್ಟೆ ಹೊರೆಯುವ ನಾನೇ ಹೀಗೆ ಮಾಡಿದೆ ಅಂತ ತುಂಬ ಬೇಜಾರಾಯಿತು. ನನ್ನ ಎರಡು ಬಳೆ ಅಡವಿಟ್ಟೆವು. ಬಿಡಿಸಿಕೊಳ್ಳಲು ಮೂರು ವರ್ಷ ಬೇಕಾಯಿತು.

ಮನೆಯ ಹೊಸ ಆಧಾರ, ಅಂದರೆ ಕ್ರಯಪತ್ರ, ಬರೆದದ್ದು ಮಲಯಾಳದಲ್ಲಿ. ಒಂದಕ್ಷರ ಓದಲು ಬರುತ್ತಿರಲಿಲ್ಲ. ಮಾಸ್ಟ್ರು ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದ ಮೇಲೆಯೇ ನಾನು ಸಹಿ ಹಾಕಿದೆ. ಅದರ ಜೊತೆ ಹಳೆ ಮೂಲ ಆಧಾರವನ್ನೂ ಕೊಟ್ಟರು. ಅದು 1956ಕ್ಕಿಂತ ಹಿಂದಿನದ್ದು, ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಲದ್ದು. ಪೂರ್ತಿ ಕನ್ನಡದಲ್ಲಿತ್ತು. ದುಂಡಗಿನ ಅಕ್ಷರ, ಬಾವಿ, ತೋಡು, ಹಲಸಿನ ಮರ ಎಲ್ಲವನ್ನೂ ಹೆಸರಿಸಿ ಗಡಿ ಬರೆದಿದ್ದರು. ಅದನ್ನು ಯಾರ ಸಹಾಯವೂ ಇಲ್ಲದೆ ಓದಿದೆ. ಕಣ್ಣು ತುಂಬಿ ಬಂತು. ಆ ವರ್ಷವೇ ಮಗಳ ಪುಸ್ತಕ ಇಟ್ಟುಕೊಂಡು ಮಲಯಾಳ ಅಕ್ಷರ ಕಲಿಯಲು ಕೂತೆ. ಈಗ ಕರೆಂಟ್ ಬಿಲ್ಲು, ಪಂಚಾಯತಿನ ನೋಟಿಸು ನಾನೇ ಓದುತ್ತೇನೆ.

ಮಗಳು ಸರ್ಕಾರಿ ಶಾಲೆಯ ಕನ್ನಡ ಮೀಡಿಯಂಗೆ ಹೋದಳು. ಒಂದು ವರ್ಷ ಕನ್ನಡ ಬಾರದ ಗಣಿತದ ಟೀಚರ್ ಬಂದರು. ಅವರದ್ದೇನೂ ತಪ್ಪಿಲ್ಲ, ಕಳಿಸಿದಲ್ಲಿಗೆ ಬಂದಿದ್ದರು. ಆದರೆ ಮಕ್ಕಳಿಗೆ ಭಿನ್ನರಾಶಿ ಅರ್ಥವಾಗಬೇಡವೇ? ನಾವು ತಂದೆತಾಯಂದಿರು ಸೇರಿ ಅರ್ಜಿ ಕೊಟ್ಟೆವು, ನಾಲ್ಕು ಸಲ ಹೋದೆವು, ಬದಲಾವಣೆ ಆಗುವಾಗ ಆರು ತಿಂಗಳು ಕಳೆದಿತ್ತು. ಗಡಿಯ ಈಚೆ ಕನ್ನಡದಲ್ಲಿ ಕಲಿಸಬೇಕೆಂದರೆ ಈ ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾನು ಮತ್ತೊಮ್ಮೆ ಬೇಕಾದರೂ ಹಿಡಿಯುತ್ತೇನೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಅತ್ತೆಯ ಹೃದಯದ ಡಾಕ್ಟರ್ ಮಂಗಳೂರಿನಲ್ಲಿ, ಫೈಲೂ ಅಲ್ಲೇ. ಮಾತ್ರೆ ಮುಗಿಯುತ್ತಾ ಬಂತು. ಪಂಚಾಯತಿನ ಸ್ವಯಂಸೇವಕ ಹುಡುಗರು ಕಾಸರಗೋಡಿನಿಂದ ತಂದು ಗೇಟಿನಲ್ಲಿಟ್ಟು ಹೋದರು. ಆ ಮೂರು ದಿನ ನಾನು ಸರಿಯಾಗಿ ಉಂಡಿಲ್ಲ. ಈಗ ಕಾಸರಗೋಡಿನಲ್ಲೂ ಒಬ್ಬ ಡಾಕ್ಟರಿಗೆ ತೋರಿಸುತ್ತೇವೆ, ಫೈಲಿನ ಒಂದು ಜೆರಾಕ್ಸ್ ಮನೆಯಲ್ಲೇ ಇಟ್ಟಿದ್ದೇವೆ.

ಇಲ್ಲಿ ಗಲಾಟೆ ಇಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಡಿಸೆಂಬರಿನಲ್ಲಿ ರಾತ್ರಿ ಒಂಬತ್ತರ ಮೇಲೆ ದೂರದ ರೈಲಿನ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಜನವರಿಯಲ್ಲಿ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆ. ಬೆಡಿಯ, ಅಂದರೆ ಸಿಡಿಮದ್ದಿನ, ರಾತ್ರಿ ಬಾಗಿಲು ಅದುರುತ್ತದೆ, ನಾವೆಲ್ಲ ನೋಡಲು ಹೋಗಿಯೇ ಹೋಗುತ್ತೇವೆ. ಜೂನ್ ಬಂತೆಂದರೆ ತಾರಸಿಯ ಶೀಟಿನ ಮೇಲೆ ಮಳೆ. ಫೋನಿನಲ್ಲಿ ಮಾತು ಕೇಳದಷ್ಟು ಸದ್ದು. ಬಟ್ಟೆ ಒಣಗುವುದಿಲ್ಲ, ಕರೆಂಟು ಹೋಗುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಹನ್ನೆರಡು ಕೋಲು ಆಳದ ಬಾವಿಯಲ್ಲಿ ಕೊಡಪಾನ ಕಲ್ಲಿಗೆ ತಾಗುತ್ತದೆ.

ಅಂಥ ಒಂದು ಏಪ್ರಿಲ್‌ನಲ್ಲಿ ಆಚೆ ಮನೆಯ ಉಮ್ಮ ತಾವಾಗಿಯೇ ಪೈಪ್ ಹಾಕಿ ನಮ್ಮ ಟ್ಯಾಂಕಿಗೆ ನೀರು ಬಿಟ್ಟರು. ಅವರ ಮನೆಯಲ್ಲಿ ಬ್ಯಾರಿ ಭಾಷೆ, ಈಚೆ ಮನೆಯ ಅಕ್ಕನದ್ದು ತುಳು, ಮಾಸ್ಟ್ರದ್ದು ಹವ್ಯಕ ಕನ್ನಡ. ಮಗಳು ಎಲ್ಲರ ಹತ್ತಿರ ಅವರವರ ಭಾಷೆಯಲ್ಲೇ ಮಾತಾಡುತ್ತಾಳೆ. ನಾನು ರೈಲಿಳಿದು ಬರುವಾಗ ಅಕ್ಕ ಬೇಲಿಯಾಚೆಯಿಂದ "ಒಣಸ್ ಆಂಡಾ?", ಊಟ ಆಯ್ತಾ, ಅಂತ ಕೇಳದ ದಿನ ಇಲ್ಲ. ಮಂಗಳೂರಿನ ಆ ಕಟ್ಟಡದಲ್ಲಿ ನಾಲ್ಕು ವರ್ಷ ಇದ್ದೆ, ಎದುರಿನ ಬಾಗಿಲಿನವರ ಹೆಸರು ಗೊತ್ತಿರಲಿಲ್ಲ.

ಕಳೆದ ತಿಂಗಳು ಅಂಗಡಿಯ ಹುಡುಗಿಯೊಬ್ಬಳು, ಹೊಸದಾಗಿ ಮದುವೆಯಾದವಳು, ನಮ್ಮ ಕಡೆ ಮನೆ ಸಿಗುತ್ತದಾ ಅಂತ ಕೇಳಿದಳು. ಭಾನುವಾರ ಬರಬೇಡ ಅಂದೆ. ಶುಕ್ರವಾರ ಸಂಜೆ ನನ್ನ ಜೊತೆ ರೈಲಿನಲ್ಲಿ ನಿಂತುಕೊಂಡೇ ಬಂದಳು. ಬಾಡಿಗೆಗಿದ್ದ ಒಂದು ಮನೆ ನೋಡಿ ರಾತ್ರಿ ನಮ್ಮಲ್ಲೇ ಉಳಿದಳು, ಶನಿವಾರ ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಕೂತು ಸ್ಟೇಷನ್‌ಗೆ ಹೊರಟಳು. ಗಾಡಿ ಇಪ್ಪತ್ತು ನಿಮಿಷ ತಡ. ಪ್ಲಾಟ್‌ಫಾರಂನಲ್ಲಿ ನಿಂತು ಅವಳು ಕೇಳಿದ ಮೊದಲ ಪ್ರಶ್ನೆ, "ಅಕ್ಕ, ಆ ಮನೆಯ ಬಾವಿಯಲ್ಲಿ ಏಪ್ರಿಲ್‌ನಲ್ಲಿ ನೀರು ಇರ್ತದಾ?"

ಇರ್ತದೆ ಅಂತ ನಾನು ಹೇಳಲಿಲ್ಲ. ಉಮ್ಮನ ಹತ್ತಿರ ಕೇಳಿ ಹೇಳುತ್ತೇನೆ ಅಂದೆ.