ಮರದ ಲೇತ್‌ನಲ್ಲಿ ಕಚ್ಚಿಕೊಂಡ ಸೆಂಟರ್, ಬಿಚ್ಚದ ಚಕ್: ನಾನು ಬಿಡಿಸಿದ ರೀತಿ

ದಾವಣಗೆರೆಯಲ್ಲಿ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ ಒಂದು ಸಣ್ಣ ಮರದ ಲೇತ್ (ಮರವನ್ನು ತಿರುಗಿಸಿ ಉಳಿಯಲ್ಲಿ ಕಡೆಯುವ ಯಂತ್ರ) ಇದೆ. ಅದರಲ್ಲಿ ಲಟ್ಟಣಿಗೆ, ಬುಗುರಿ, ಹಳೇ ಮಂಚಕ್ಕೆ ಬೇಕಾದ ಕಾಲು ಮಾಡುತ್ತೇನೆ. ಈ ಕೆಲಸ ಹೊಸದಾಗಿ ಶುರು ಮಾಡಿದವರು ನನಗೆ ಫೋನ್ ಮಾಡಿದರೆ ಜಾಸ್ತಿ ಕೇಳುವುದು ಒಂದೇ: "ಅಣ್ಣಾ, ಜಾಮ್ ಆಗೈತಿ, ಏನ್ ಮಾಡಿದ್ರೂ ಬರ್ತಾನೇ ಇಲ್ಲ."

ನಾನು ಮೊದಲು ಕೇಳುವುದು, ಕಚ್ಚಿಕೊಂಡಿರುವುದು ಟೇಪರಾ, ಥ್ರೆಡ್ಡಾ ಅಂತ. ಟೇಪರ್ ಅಂದರೆ ಹೋಗುತ್ತಾ ಸಪೂರ ಆಗುವ ಬಾಲ, ಮರವನ್ನು ತುದಿಯಲ್ಲಿ ಹಿಡಿಯುವ ಸೆಂಟರ್‌ಗೆ ಇರುತ್ತದೆ. ಥ್ರೆಡ್ ಅಂದರೆ ಸ್ಕ್ರೂ ಥರದ ಸುತ್ತು, ಮರವನ್ನು ದವಡೆಗಳಲ್ಲಿ ಹಿಡಿಯುವ ಚಕ್ ಅದರ ಮೇಲೆ ಕೂರುತ್ತದೆ. ಟೇಪರ್ ಆದರೆ ನೇರವಾಗಿ ಹೊರಗೆ ತಳ್ಳಬೇಕು, ಥ್ರೆಡ್ ಆದರೆ ತಿರುಗಿಸಬೇಕು. ಇದು ಗೊತ್ತಾಗದೆ ಪೈಪ್ ರೆಂಚ್ ಹಾಕಿ ಸೆಂಟರನ್ನು ತಿರುಚಿದರೆ ಸ್ಪಿಂಡಲ್ (ಸೆಂಟರ್, ಚಕ್ ಕೂರುವ, ತಿರುಗುವ ಟೊಳ್ಳು ದಂಡ) ಒಳಗೆ ಗೀರು ಬೀಳುತ್ತದೆ. ಆಮೇಲೆ ಯಾವ ಸೆಂಟರೂ ಅಲ್ಲಿ ನೆಟ್ಟಗೆ ಕೂರುವುದಿಲ್ಲ.

ಸಣ್ಣ ಲೇತ್‌ಗಳಲ್ಲಿ ಸಾಮಾನ್ಯವಾಗಿ ಮೋರ್ಸ್ ಟೇಪರ್ ಅನ್ನುವ ಅಳತೆಯ 1 ಇಲ್ಲವೇ 2ನೇ ನಂಬರ್ ಇರುತ್ತದೆ. 1 ಆದರೆ ದಪ್ಪ ತುದಿ ಸುಮಾರು 12 ಮಿ.ಮೀ., 2 ಆದರೆ ಸುಮಾರು 18 ಮಿ.ಮೀ. ಎರಡೂ 20 ಮಿ.ಮೀ. ಉದ್ದಕ್ಕೆ ಹತ್ತಿರ ಹತ್ತಿರ 1 ಮಿ.ಮೀ. ಸಪೂರ ಆಗುತ್ತಾ ಹೋಗುತ್ತವೆ. ಇಷ್ಟು ಕಡಿಮೆ ಇಳಿಜಾರು ಇರುವುದರಿಂದಲೇ ಬರೀ ಉಜ್ಜಾಟದ ಬಲದಲ್ಲಿ ಕಬ್ಬಿಣ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಟೇಲ್‌ಸ್ಟಾಕ್ (ಮರದ ಬಲತುದಿಯನ್ನು ಒತ್ತಿ ಹಿಡಿಯುವ ಭಾಗ) ಬಿಗಿ ಮಾಡಿದಷ್ಟೂ ಸೆಂಟರ್ ಇನ್ನೂ ಒಳಗೆ ಹೋಗುತ್ತದೆ. ಹೊತ್ತುಗಟ್ಟಲೆ ಓಡಿ ಬಿಸಿಯಾದ ಸ್ಪಿಂಡಲ್‌ಗೆ ತಣ್ಣಗಿರುವ ಸೆಂಟರ್ ಹಾಕಿ ಹಾಗೇ ಬಿಟ್ಟರಂತೂ ಸ್ಪಿಂಡಲ್ ಆರುವಾಗ ಕುಗ್ಗಿ ಅದನ್ನು ಅಪ್ಪಿಕೊಂಡುಬಿಡುತ್ತದೆ.

ಜಗಳೂರು ಕಡೆಯ ಒಬ್ಬ ಹುಡುಗ ಸೆಕೆಂಡ್ ಹ್ಯಾಂಡ್ ಲೇತ್ ತಗೊಂಡು, ಅದನ್ನು ಲಗೇಜ್ ಆಟೋದಲ್ಲಿ ನನ್ನ ಶೆಡ್‌ಗೇ ತಂದಿದ್ದ. ನಾಲ್ಕು ಹಲ್ಲಿನ ಡ್ರೈವ್ ಸೆಂಟರ್, ಅಂದರೆ ಮರವನ್ನು ತಿರುಗಿಸುವ ಸೆಂಟರ್, ಹೆಡ್‌ಸ್ಟಾಕ್‌ನಲ್ಲಿ (ಎಡಗಡೆ ಸ್ಪಿಂಡಲ್ ಇರುವ ಭಾಗ) ಕಚ್ಚಿತ್ತು. ಮೊದಲಿನ ಮಾಲೀಕರು ಸೆಂಟರ್ ಲೇತ್‌ನಲ್ಲಿ ಇದ್ದಂತೆಯೇ ಅದಕ್ಕೆ ಮರ ಒತ್ತಿ, ಆ ಕಡೆಯಿಂದ ಸುತ್ತಿಗೆಯಲ್ಲಿ ಬಡಿದು ಹಲ್ಲು ಕೂರಿಸುತ್ತಿದ್ದರಂತೆ. ಆ ಏಟು ಮರಕ್ಕೆ ಮಾತ್ರ ಬೀಳುವುದಿಲ್ಲ. ಟೇಪರ್ ಬಿಗಿಯಾಗುತ್ತದೆ, ಜೊತೆಗೆ ಬೇರಿಂಗ್ ಗುಂಡುಗಳು ತಾವು ಉರುಳುವ ದಾರಿಯಲ್ಲಿ ಸಣ್ಣ ಸಣ್ಣ ಕುಳಿ ಹೊಡೆಯುತ್ತವೆ. ಆಮೇಲೆ ಶುರುವಾಗುವ ಗೊರಗೊರ ಸದ್ದು ಎಷ್ಟು ಗ್ರೀಸ್ ಹಾಕಿದರೂ ಹೋಗುವುದಿಲ್ಲ. ಸೆಂಟರನ್ನು ಹೊರಗೆ ತೆಗೆದು, ಬೆಂಚ್ ಮೇಲೆ ಮರದ ಕೊಡತಿಯಿಂದ ಮರಕ್ಕೆ ಬಡಿದು ಕೂರಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಲೇತ್‌ಗೆ ಏರಿಸಬೇಕು.

ಅವನ ಹತ್ತಿರ ಇದ್ದ ನಾಕೌಟ್ ರಾಡ್ (ಹಿಂದಿನಿಂದ ಹೊಡೆದು ಸೆಂಟರ್ ಹೊರಗೆ ತಳ್ಳುವ ಸರಳು) ಕಟ್ಟಡದ ಕಂಬಿಯ ತುಂಡು. ತುದಿ ಬಡಿದು ಬಡಿದು ಅಣಬೆ ಥರ ಅರಳಿತ್ತು. ಸ್ಪಿಂಡಲ್ ತೂತಿನಲ್ಲಿ ಇಂಥ ರಾಡೇ ಸಿಕ್ಕಿಹಾಕಿಕೊಂಡರೆ ಎರಡು ಕೆಲಸ ಆಗುತ್ತದೆ, ಅಲ್ವಾ? ತೂತಿಗೆ ಸಡಿಲವಾಗಿ ಹೋಗುವಷ್ಟು ದಪ್ಪದ ಹಿತ್ತಾಳೆ ರಾಡ್ ಒಳ್ಳೆಯದು. ಒಂದು ಕೈಯಲ್ಲಿ ಬಟ್ಟೆ ಹಿಡಿದು ಸೆಂಟರ್ ಕೆಳಗೆ ಇಟ್ಟುಕೊಂಡು, ಎಡಗಡೆಯಿಂದ ಒಂದೇ ಚುರುಕು ಏಟು. ಹತ್ತು ಮೆತ್ತನೆ ಏಟಿಗಿಂತ ಅದು ಬೇರಿಂಗ್‌ಗೂ ವಾಸಿ. ಬಹಳಷ್ಟು ಸಲ ಇಷ್ಟಕ್ಕೇ ಬಂದುಬಿಡುತ್ತದೆ.

ಇದು ಬರಲಿಲ್ಲ. ಪ್ಲಾಸ್ಟಿಕ್ ಕವರ್‌ನಲ್ಲಿ ಐಸ್ ತುಂಬಿ ಸೆಂಟರ್ ತಲೆಗೆ ಒತ್ತಿ ಹಿಡಿದು, ತಣ್ಣಗಾದ ಮೇಲೆ ಮತ್ತೆ ಹೊಡೆದೆ. ಆಗಲೂ ಇಲ್ಲ. ಗ್ಯಾಸ್ ಟಾರ್ಚ್ ಹಿಡಿಯೋಣ ಅಂದ ಹುಡುಗ. ಬೇಡ ಅಂದೆ. ಸೀಲ್ ಇರುವ ಬೇರಿಂಗ್ ಪಕ್ಕದಲ್ಲೇ ಇರುತ್ತದೆ, ಬೆಂಕಿ ತಾಗಿದರೆ ಗ್ರೀಸೂ ಹೋಯಿತು, ಸೀಲೂ ಹೋಯಿತು.

ಹೊಡೆಯುವುದು ಬಿಟ್ಟು ತಳ್ಳುವ ದಾರಿ ಹುಡುಕಿದೆ. ಪಿ.ಬಿ. ರಸ್ತೆ ಕಡೆಯ ಒಂದು ಲೇತ್ ವರ್ಕ್ಸ್‌ನಲ್ಲಿ ಸ್ಪಿಂಡಲ್ ಮೂತಿಯ ಥ್ರೆಡ್‌ಗೆ ಹೊಂದುವ ಒಂದು ದಪ್ಪ ನಟ್ ಮಾಡಿಸಿದೆ. ಈ ಸೆಂಟರ್ ತಲೆ ಚಿಕ್ಕದಿದ್ದುದರಿಂದ ನಟ್ ಅದರ ಮೇಲಿಂದಲೇ ಹಾದು ಥ್ರೆಡ್‌ಗೆ ಹತ್ತಿತು. ಪೂರ್ತಿ ಹಿಂದಕ್ಕೆ ತಿರುಗಿಸಿಟ್ಟೆ. ಸೆಂಟರ್ ತಲೆಗೂ ಸ್ಪಿಂಡಲ್ ಬಾಯಿಗೂ ನಡುವೆ ಸ್ವಲ್ಪ ಸಂದಿ ಇತ್ತು. ಅಲ್ಲಿಗೆ ಕುದುರೆ ಲಾಳದ ಆಕಾರದಲ್ಲಿ ಕತ್ತರಿಸಿದ ಒಂದು ಪಟ್ಟಿ ಕಬ್ಬಿಣ ತೂರಿಸಿದೆ. ಸ್ಪಿಂಡಲ್ ಹಿಡಿದುಕೊಂಡು ನಟ್ ಬಿಚ್ಚುತ್ತಾ ಬಂದರೆ ಅದು ಪಟ್ಟಿಯನ್ನು ಮುಂದಕ್ಕೆ ತಳ್ಳುತ್ತದೆ, ಪಟ್ಟಿ ಸೆಂಟರ್ ತಲೆಯನ್ನು ಹಿಂದಿನಿಂದ ತಳ್ಳುತ್ತದೆ. ಬೇರಿಂಗ್‌ಗೆ ಏಟಿಲ್ಲ. ಪಾನಾ ಬಿಗಿಯಾಗುತ್ತಾ ಹೋಗಿ, ಒಂದು ಹಂತದಲ್ಲಿ 'ಟಕ್' ಅಂತ ಸದ್ದಾಗಿ ಸೆಂಟರ್ ಸಡಿಲವಾಯಿತು. ಬೆರಳಲ್ಲೇ ಎಳೆದುಕೊಂಡೆವು.

ತೆಗೆದ ಮೇಲೆ ನೋಡಿದರೆ ಟೇಪರ್ ಮೇಲೆ ಒಂದು ಕಡೆ ಸಣ್ಣ ಮುಳ್ಳಿನಂಥ ಉಬ್ಬು, ಅದರ ಸುತ್ತ ಕಂದು ತುಕ್ಕು. ಉಬ್ಬನ್ನು ಸಾಣೆಕಲ್ಲಿನಲ್ಲಿ ಉಜ್ಜಿ ಸಮ ಮಾಡಿದೆ. ಸ್ಪಿಂಡಲ್ ಒಳಗೆ ಎಮೆರಿ ಪೇಪರ್ ಹಾಕಲಿಲ್ಲ, ಹಾಕಲೂಬಾರದು, ಆಕಾರವೇ ಕೆಡುತ್ತದೆ. ಹುಣಸೆ ಮರದಲ್ಲಿ ಅದೇ ಇಳಿಜಾರಿನ ಒಂದು ಗೂಟ ಕಡೆದು, ಅದಕ್ಕೆ ತೆಳು ಬಟ್ಟೆ ಸುತ್ತಿ ಒಳಗೆ ತಿರುಗಿಸಿ ಒರೆಸಿದೆ. ಆ ಗೂಟ ಈಗಲೂ ನನ್ನ ಬೆಂಚ್ ಮೇಲಿರುತ್ತದೆ, ಸೆಂಟರ್ ಹಾಕುವ ಮುಂಚೆ ಪ್ರತಿ ಸಲ ಬಳಸುತ್ತೇನೆ. ಮುಂದೆ ಕಚ್ಚಬಾರದು ಅಂತ ಟೇಪರ್‌ಗೆ ಎಣ್ಣೆ ಸವರುವವರಿದ್ದಾರೆ. ಎಣ್ಣೆ ಇದ್ದರೆ ಕೆಲಸದ ನಡುವೆ ಜಾರಿ ತಿರುಗುತ್ತದೆ, ಒಳಗೆಲ್ಲಾ ಗೀರು. ಟೇಪರ್ ಒಣಗಿರಬೇಕು, ಅಷ್ಟೇ.

ಚಕ್ ಕಥೆ ಬೇರೆ. ನಮ್ಮ ಕಡೆ ಕರಿಜಾಲಿ ಸುಲಭವಾಗಿ ಸಿಗುತ್ತದೆ, ಗಟ್ಟಿ ಮರ, ನನಗೆ ತುಂಬಾ ಇಷ್ಟ. ಆದರೆ ಹಸಿ ಜಾಲಿ ಕಡೆಯುವಾಗ ಅದರ ಒಗರು ರಸ ಸಿಡಿದು ಕಬ್ಬಿಣಕ್ಕೆ ತಾಗಿದರೆ ಶಾಯಿಯಂತೆ ಕಪ್ಪಾಗುತ್ತದೆ. ಆ ರಸ, ಸಣ್ಣ ಧೂಳು ಎರಡೂ ಥ್ರೆಡ್ ಒಳಗೆ ಸೇರಿ ಒಣಗಿದರೆ ಚಕ್ ಬಿಚ್ಚುವುದು ಕಷ್ಟ. ಅದರ ಮೇಲೆ, ಉಳಿ ಕಚ್ಚಿದಾಗಲೆಲ್ಲಾ ಚಕ್ ಇನ್ನಷ್ಟು ಬಿಗಿಯಾಗಿರುತ್ತದೆ.

ಇಲ್ಲಿ ದಿಕ್ಕು ಗಮನಿಸಿ. ಮರ ಸಾಮಾನ್ಯವಾಗಿ ಯಾವ ಕಡೆ ತಿರುಗುತ್ತದೋ, ಚಕ್ ಬಿಚ್ಚುವುದೂ ಅದೇ ಕಡೆ. ಲೇತ್ ಮುಂದೆ ನಿಂತರೆ ಚಕ್‌ನ ಮೇಲ್ಭಾಗ ನಮ್ಮ ಕಡೆ ಬರಬೇಕು. ಸ್ಪಿಂಡಲ್ ಹಿಡಿಯಲು ಇಂಡೆಕ್ಸ್ ಪಿನ್ ನಂಬಬೇಡಿ, ಅದು ಅಳತೆಗೆ ಇರುವ ಸಣ್ಣ ಪಿನ್, ಮುರಿಯುತ್ತದೆ. ಸ್ಪಿಂಡಲ್ ಮೇಲೆ ಪಾನಾ ಹಾಕುವ ಜಾಗ ಇದ್ದರೆ ಪಾನಾ ಹಾಕಿ. ನನ್ನ ಚಕ್ ಹೀಗೆ ಕಚ್ಚಿಕೊಂಡಾಗ ನಾನು ರಾತ್ರಿ ಥ್ರೆಡ್ ಸಂದಿಗೆ ಸ್ವಲ್ಪ ಡೀಸೆಲ್ ಬಿಟ್ಟು, ಬೆಳಿಗ್ಗೆ ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಚಕ್‌ಗೆ ಮಾತ್ರ ಸುತ್ತಿದೆ. ಚಕ್ ಹಿಗ್ಗಬೇಕು, ಸ್ಪಿಂಡಲ್ ತಣ್ಣಗೇ ಇರಬೇಕು. ಆಮೇಲೆ ದವಡೆಗಳಲ್ಲಿ ಒಂದು ಉದ್ದ ಬೇವಿನ ಪಟ್ಟಿ ಅಡ್ಡವಾಗಿ ಬಿಗಿದು, ಅದರ ತುದಿಗೆ ಕೊಡತಿಯಿಂದ ಚುರುಕಾಗಿ ಒಂದು ಹೊಡೆದೆ. ಕೈಯಲ್ಲಿ ಸುಮ್ನೆ ಎಳೆದಿದ್ದರೆ ಬರುತ್ತಿರಲಿಲ್ಲ. ಈಗ ಚಕ್ಕಿಗೂ ಸ್ಪಿಂಡಲ್ ಭುಜಕ್ಕೂ ನಡುವೆ ಒಂದೇ ದಪ್ಪದ ತೆಳು ಪ್ಲಾಸ್ಟಿಕ್ ವಾಷರ್ ಹಾಕುತ್ತೇನೆ, ಕೈಯಲ್ಲೇ ಬಿಚ್ಚುತ್ತದೆ.

ಟೇಲ್‌ಸ್ಟಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಡಿಕೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಒಳಗಿನ ಸ್ಕ್ರೂ ಸೆಂಟರನ್ನು ತಾನೇ ತಳ್ಳುತ್ತದೆ. ತಳ್ಳದಿದ್ದರೆ ಸೆಂಟರ್ ಬಾಲ ಗಿಡ್ಡ ಇರುತ್ತದೆ. ಹಿಡಿಕೆಗೆ ಪೈಪ್ ಹಾಕಿ ಒತ್ತಬೇಡಿ. ಸೆಂಟರ್ ಕೂರುವ ಕೊಳವೆಯನ್ನು, ಅಂದರೆ ಕ್ವಿಲ್ ಅನ್ನೇ ಹೊರಗೆ ತೆಗೆದು, ಹಿಂದಿನಿಂದ ರಾಡ್ ಇಟ್ಟು ಹೊಡೆಯಿರಿ, ಅದರಲ್ಲಿ ಬೇರಿಂಗ್ ಇಲ್ಲದ ಕಾರಣ ಹೆದರಬೇಕಿಲ್ಲ. ಮತ್ತೆ ಸೆಂಟರ್ ಹಾಕುವ ಮುಂಚೆ ಕ್ವಿಲ್ ಒಳಗೆ ಒಂದು ಸಣ್ಣ ಬೋಲ್ಟ್ ತುಂಡು ಬಿಟ್ಟರೆ ಸ್ಕ್ರೂಗೆ ಬಾಲ ಸಿಗುತ್ತದೆ.